ಸುಗ್ಗಿಯ ಅಳತೆ ಹಿಡಿದು ಸರ್ವರ್ ಕೊಂಡ ನನ್ನ ಅನುಭವ

ಗಂಗಾವತಿಯ ಹೊರವಲಯದ ಒಂದು ಅಕ್ಕಿ ಗಿರಣಿಗೆ 2025ರ ಫೆಬ್ರವರಿಯಲ್ಲಿ ನಾನು ಕೂರಿಸಿಕೊಟ್ಟ ಸರ್ವರ್ ಈಗ ಎರಡು ಸುಗ್ಗಿಗಳನ್ನು ದಾಟಿದೆ. ಯುಪಿಎಸ್, ಬ್ಯಾಟರಿ, ಧೂಳಿನ ಜಾಳಿಗೆ ಎಲ್ಲ ಸೇರಿ ಅದಕ್ಕೆ ಆದ ಖರ್ಚು 1.40 ಲಕ್ಷ ರೂಪಾಯಿಯ ಆಸುಪಾಸು. ಅದೇ ಗಿರಣಿಗೆ ಮಾರಾಟಗಾರರೊಬ್ಬರು ಕೊಟ್ಟಿದ್ದ ದರಪಟ್ಟಿ ಸುಮಾರು 4.20 ಲಕ್ಷದ್ದಾಗಿತ್ತು. ಬಳಸಿದ ಸರ್ವರ್ ತಂದು ಹಾಕುತ್ತೇನೆ ಎಂದಾಗ ನಮ್ಮ ಕಸುಬಿನ ಗೆಳೆಯರೇ ಅದು ಮೊದಲ ಸುಗ್ಗಿಗೇ ಕೈಕೊಡುತ್ತದೆ ಎಂದಿದ್ದರು. ಕೈಕೊಡಲಿಲ್ಲ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಲಿನಕ್ಸ್ ಇನ್‌ಸ್ಟಾಲ್ ಮಾಡುವುದು ಓದುವವರಿಗೆಲ್ಲ ಗೊತ್ತೇ ಇರುವುದರಿಂದ ಆ ವಿಷಯವನ್ನು ಮುಟ್ಟುವುದಿಲ್ಲ. ಪೆನ್‌ಡ್ರೈವ್ ಚುಚ್ಚುವುದಕ್ಕೆ ಮೊದಲು ಕಳೆದ ಐದು ತಿಂಗಳುಗಳ ಲೆಕ್ಕಾಚಾರವನ್ನಷ್ಟೇ ಹೇಳುತ್ತೇನೆ.

ಈ ದಾರಿಗೆ ಬಂದದ್ದು ಒಂದು ನಷ್ಟದಿಂದ. 2022ರಲ್ಲಿ ಕಾರಟಗಿಯ ಇನ್ನೊಂದು ಗಿರಣಿಯಲ್ಲಿ ಭತ್ತದ ಗಾಡಿಯ ತೂಕದ ಚೀಟಿ ಹೊರಬರಲು ಹದಿನೈದು–ಇಪ್ಪತ್ತು ಸೆಕೆಂಡು ಹಿಡಿಯುತ್ತದೆ ಎಂಬ ದೂರು ಇತ್ತು. ನಾನು ಏನನ್ನೂ ಅಳೆಯದೆ ಪ್ರೊಸೆಸರ್ ಹಳೆಯದಾಯಿತು ಎಂದು ತೀರ್ಮಾನಿಸಿ, ಹೆಚ್ಚು ಕೋರ್‌ಗಳ ಯಂತ್ರವನ್ನು ತಂದು, ರ‍್ಯಾಮ್ ಇಮ್ಮಡಿ ಮಾಡಿ, ಹಳೆಯ ಹಾರ್ಡ್ ಡಿಸ್ಕನ್ನೇ ಅದಕ್ಕೆ ವರ್ಗಾಯಿಸಿ ಕೊಟ್ಟೆ. ಸುಗ್ಗಿ ಬಂದಾಗ ಚೀಟಿಗೆ ಮತ್ತೆ ಅದೇ ಹದಿನೈದು ಸೆಕೆಂಡು ಹಿಡಿಯಿತು. ಸಾಹುಕಾರರು ಹಣ ಕೊಡಲು ಒಪ್ಪಲಿಲ್ಲ; ಯಂತ್ರವನ್ನು ವಾಪಸು ತಂದು ಅರ್ಧ ಬೆಲೆಗೆ ಮಾರಿದಾಗ ನನ್ನ ಕೈಯಿಂದ 38 ಸಾವಿರ ಹೋಗಿತ್ತು. ತೊಂದರೆ ಇದ್ದದ್ದು ಪ್ರೊಸೆಸರ್‌ನಲ್ಲಿ ಅಲ್ಲ, ಡಿಸ್ಕಿನಲ್ಲಿ ಎಂಬುದು ನನಗೆ ತಿಳಿದದ್ದು ಆಮೇಲೆ.

ಗಂಗಾವತಿಯ ಗಿರಣಿಯಲ್ಲಿ ಇದ್ದದ್ದು ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿತ್ತು, ಬದಲಾವಣೆ ಅನಿವಾರ್ಯವಾಗಿತ್ತು. ದರಪಟ್ಟಿ ಸಾಹುಕಾರರ ಮೇಜಿನ ಮೇಲಿದ್ದಾಗಲೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಜಲಾಶಯದ ನೀರು ಉಳಿಯುತ್ತದೆಯೋ ಇಲ್ಲವೋ, ಭತ್ತ ಬರುತ್ತದೆಯೋ ಇಲ್ಲವೋ ಎಂಬ ಆತಂಕದಲ್ಲಿ ಅವರು ಎಲ್ಲ ಖರೀದಿಯನ್ನೂ ನಿಲ್ಲಿಸಿದರು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿ ನೀರು ಉಳಿಸಿದರಾದರೂ, "ಸುಗ್ಗಿ ಮುಗೀಲಿ ತಮ್ಮಾ, ರೊಕ್ಕ ಬಂದ ಮ್ಯಾಲ ನೋಡೋಣ" ಎಂಬ ಮಾತಿನಿಂದ ಅವರು ಕದಲಲಿಲ್ಲ. ನನಗೆ ಒಂದು ಇಡೀ ಸುಗ್ಗಿಯನ್ನು ಹಳೆಯ ಯಂತ್ರದ ಮೇಲೆ ಅಳೆಯುವ ಅವಕಾಶ ಸಿಕ್ಕಿದ್ದು ಹೀಗೆ.

ಸೆಪ್ಟೆಂಬರ್‌ನಲ್ಲಿ ಒಂದು ವಾರ ಅಳೆದು ನೋಡಿದ್ದೆ. ದಿನಕ್ಕೆ ಹದಿನೈದು ಗಾಡಿಗಳು, ಪ್ರೊಸೆಸರ್ ಬಳಕೆ ಶೇಕಡ 6–7, ಡಿಸ್ಕಿನ ಕಾಯುವ ಸಮಯ (ಒಂದು ಕೆಲಸ ಡಿಸ್ಕಿನಲ್ಲಿ ಮುಗಿಯಲು ಕಾಯಬೇಕಾದ ಹೊತ್ತು) 10 ಮಿಲಿಸೆಕೆಂಡ್. ಆ ಅಂಕಿಗಳನ್ನು ನಂಬಿದ್ದರೆ ಹೊಸ ಸರ್ವರ್ ಬೇಡವೇ ಬೇಡ ಎನ್ನಬೇಕಿತ್ತು. ನವೆಂಬರ್ ಕೊನೆಯಲ್ಲಿ ಎಡದಂಡೆಯ ಭತ್ತ ಬರತೊಡಗಿದಾಗ ಚಿತ್ರವೇ ಬೇರೆಯಾಯಿತು. ದಿನಕ್ಕೆ 120ಕ್ಕೂ ಹೆಚ್ಚು ಗಾಡಿಗಳು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಜೆ ಏಳರಿಂದ ಹತ್ತರೊಳಗೆ. ಯಂತ್ರದ ಒತ್ತಡವನ್ನು ದಾಖಲಿಸುವ ಸಾರ್ ಎಂಬ ತಂತ್ರಾಂಶವು ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಲೆಕ್ಕ ಬರೆದುಕೊಳ್ಳುತ್ತದೆ. ಅಷ್ಟು ಹೊತ್ತಿನ ಸರಾಸರಿಯಲ್ಲಿ ಅರ್ಧ ನಿಮಿಷದ ಒತ್ತಡ ಕಾಣದೆ ಮುಚ್ಚಿಹೋಗುವುದರಿಂದ ನಾನು ಅದನ್ನು 1 ನಿಮಿಷಕ್ಕೆ ಇಳಿಸಿ ಇಪ್ಪತ್ತು ದಿನ ಬಿಟ್ಟೆ. ಜೊತೆಗೆ ಗಾಡಿ ತೂಗುವ ಕಾಟಾದ ಗುಮಾಸ್ತನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಚೀಟಿ ತಡವಾದಾಗಲೆಲ್ಲ ಗಡಿಯಾರ ನೋಡಿ ಸಮಯ ಬರೆಯಲು ಹೇಳಿದೆ. ಆ ಹುಡುಗ ಬಹಳ ಶ್ರದ್ಧೆಯಿಂದ ಬರೆದ. ತೌಡಿನ ಧೂಳು ಹಿಡಿದ ಆ ಪುಟಗಳನ್ನೂ ಸಾರ್‌ನ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟಾಗ, ಅವನು ತಡ ಎಂದು ಬರೆದ ಹೆಚ್ಚುಕಡಿಮೆ ಪ್ರತಿಯೊಂದು ನಿಮಿಷದಲ್ಲೂ ಡಿಸ್ಕಿನ ಕಾಯುವ ಸಮಯ 180 ಮಿಲಿಸೆಕೆಂಡ್ ದಾಟಿತ್ತು. ಅದೇ ಹೊತ್ತಿನಲ್ಲಿ ಪ್ರೊಸೆಸರ್ ನಿಜವಾಗಿ ದುಡಿದದ್ದು ಶೇಕಡ 22–25, ಡಿಸ್ಕಿಗಾಗಿ ಸುಮ್ಮನೆ ಕಾದದ್ದು ಶೇಕಡ 40ರ ಹತ್ತಿರ. ಇದ್ದ 8 ಜಿಬಿ ರ‍್ಯಾಮ್‌ನಲ್ಲಿ ಐದೂವರೆ ಬಳಕೆಯಾಗಿತ್ತು, ಅದು ಸಾಲದಾಗ ಡಿಸ್ಕಿನಲ್ಲಿ ಬಳಸುವ ಸ್ವಾಪ್ ಜಾಗವನ್ನು ಮುಟ್ಟಿರಲಿಲ್ಲ.

ಹಣವನ್ನು ಎಲ್ಲಿ ಹಾಕಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ದರಪಟ್ಟಿಯಲ್ಲಿ ಎರಡು ಪ್ರೊಸೆಸರ್, 64 ಜಿಬಿ ರ‍್ಯಾಮ್, ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೈಡ್ 5 ವಿಧಾನದಲ್ಲಿ ಮೂರು 4 ಟಿಬಿ ಹಾರ್ಡ್ ಡಿಸ್ಕ್‌ಗಳಿದ್ದವು. ಬೇಡವಾದುದರಲ್ಲಿ ಸಮೃದ್ಧಿ, ಬೇಕಾದುದರಲ್ಲಿ ಬಡತನ. ರೈಡ್ 5ರಲ್ಲಿ ಒಂದು ಸಣ್ಣ ಬರವಣಿಗೆಗೆ ಡಿಸ್ಕ್‌ಗಳು ಎರಡು ಸಲ ಓದಿ ಎರಡು ಸಲ ಬರೆಯಬೇಕಾಗುತ್ತದೆ. ತೂಕದ ಚೀಟಿಯ ಕೆಲಸವೆಲ್ಲ ಇಂಥ ಸಣ್ಣ ಬರವಣಿಗೆಯೇ. ಜೊತೆಗೆ ಅದರಲ್ಲಿ ವಿಂಡೋಸ್ ಸರ್ವರ್ ಲೈಸೆನ್ಸ್ ಸೇರಿತ್ತು. ಅದನ್ನು ಕೋರ್ ಲೆಕ್ಕದಲ್ಲಿ, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್‌ಗಳಂತೆ ಕೊಳ್ಳಬೇಕು, ಬಳಕೆದಾರರ ಲೈಸೆನ್ಸ್ ಬೇರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಓಡುವ ನಮ್ಮ ಗಿರಣಿ ಸಾಫ್ಟ್‌ವೇರ್‌ಗೆ ಅದರ ಅಗತ್ಯವೇ ಇರಲಿಲ್ಲ.

ಬಳಸಿದ ಸರ್ವರ್ ಕೊಳ್ಳುವಾಗ ಪ್ರೊಸೆಸರ್‌ನ ತಲೆಮಾರು ನೋಡದಿದ್ದರೆ ಮುಂದೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕ್ಸಿಯಾನ್ ಇ5ರ ಎರಡನೇ ಆವೃತ್ತಿಯ ಯಂತ್ರ 25–26 ಸಾವಿರಕ್ಕೇ ಸಿಗುತ್ತಿತ್ತು. ಆದರೆ ಅದರಲ್ಲಿ ಎವಿಎಕ್ಸ್2 ಎಂಬ ಪ್ರೊಸೆಸರ್ ಸೂಚನೆಗಳಿಲ್ಲ; ರೆಡ್ ಹ್ಯಾಟ್ ಲಿನಕ್ಸ್‌ನ 10ನೇ ಆವೃತ್ತಿಗೆ ಅವು ಬೇಕೇ ಬೇಕು. ಈಗ 9ನೇ ಆವೃತ್ತಿ ಹಾಕಿದರೂ ಮುಂದಿನದಕ್ಕೆ ಏರುವ ದಾರಿ ತೆರೆದಿರಲಿ ಎಂದು ನಾನು ನಾಲ್ಕನೇ ಆವೃತ್ತಿಯ, 8 ಕೋರ್‌ಗಳ ಇ5-2620 ಇರುವ ಯಂತ್ರವನ್ನು 48 ಸಾವಿರಕ್ಕೆ ತಂದೆ. ಅದು 2.1 ಗಿಗಾಹರ್ಟ್ಸ್‌ನದು, ವೇಗ ಸಾಲದು ಎಂದು ಗೆಳೆಯರು ಆಕ್ಷೇಪಿಸಿದರು. ಅವರ ಮಾತನ್ನು ಪರೀಕ್ಷಿಸಲು 3.4 ಗಿಗಾಹರ್ಟ್ಸ್‌ನ, 6 ಕೋರ್‌ಗಳ 2643 ಪ್ರೊಸೆಸರ್ ಒಂದನ್ನು ಎರಡು ದಿನ ಎರವಲು ತಂದು ಹಾಕಿ ನೋಡಿದೆ. ತಿಂಗಳ ವರದಿ ತೆಗೆಯುವುದು ನಿಜಕ್ಕೂ ಚುರುಕಾಯಿತು, ಆದರೆ ಚೀಟಿಯ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲನೆಯದು 85 ವಾಟ್‌ನದು, ಎರಡನೆಯದು 135 ವಾಟ್‌ನದು. ನಮ್ಮ ಊರಿನ ಮೇ ತಿಂಗಳನ್ನು ನೆನೆದು ಮೊದಲನೆಯದನ್ನೇ ಉಳಿಸಿಕೊಂಡೆ.

ರ‍್ಯಾಮ್‌ನಲ್ಲಿ ಮಾತ್ರ ನಾನೇ ಎಡವಿದೆ. ಇಸಿಸಿ (ತಪ್ಪು ತಿದ್ದಿಕೊಳ್ಳುವ ಮೆಮೊರಿ) ಎಂದು ಬರೆದಿದ್ದುದನ್ನು ನೋಡಿ, ಅಗ್ಗ ಎಂದು ನಾಲ್ಕು ಕಡ್ಡಿಗಳನ್ನು 9 ಸಾವಿರಕ್ಕೆ ಕೊಂಡೆ. ಅವು ರಿಜಿಸ್ಟರ್ಡ್ ಅಲ್ಲದ, ಈ ಸರ್ವರ್ ಒಪ್ಪದ ಜಾತಿಯವು. ಸರ್ವರ್ ಆರಂಭವಾಗದೆ ದೀಪ ಮಿನುಗಿಸುತ್ತ ಕುಳಿತಿತು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ, ಆ ಹಣ ನನ್ನ ಲೆಕ್ಕಕ್ಕೇ ಹೋಯಿತು. ಆಮೇಲೆ ಅದೇ ಯಂತ್ರಕ್ಕೆ ಸೇರಿದ 8 ಜಿಬಿಯ ನಾಲ್ಕು ರಿಜಿಸ್ಟರ್ಡ್ ಕಡ್ಡಿಗಳನ್ನೇ ಇಟ್ಟೆ. ಈ ಪ್ರೊಸೆಸರ್‌ಗೆ ನಾಲ್ಕು ಮೆಮೊರಿ ಚಾನೆಲ್‌ಗಳಿರುವುದರಿಂದ 16 ಜಿಬಿಯ ಎರಡು ಕಡ್ಡಿಗಿಂತ 8 ಜಿಬಿಯ ನಾಲ್ಕು ಲೇಸು. ಆರು ವರ್ಷಗಳ ದತ್ತಾಂಶ ಒಟ್ಟು 40 ಜಿಬಿ, ಅದರಲ್ಲಿ ಈ ಹಂಗಾಮಿಗೆ ಬೇಕಾಗುವುದು ಆರು ಜಿಬಿ ಮಾತ್ರ. ಆದ್ದರಿಂದ 32 ಜಿಬಿ ಧಾರಾಳ. ಅದರ ಕಾಲುಭಾಗವನ್ನು ಪೋಸ್ಟ್‌ಗ್ರೆಸ್‌ನ ಹಂಚಿಕೆಯ ಬಫರ್‌ಗೆ ಕೊಟ್ಟಿದ್ದೇನೆ.

ಮುಖ್ಯ ಖರ್ಚು ಡಿಸ್ಕಿನದು. ಮೊದಲು ಮನೆಯ ಕಂಪ್ಯೂಟರ್‌ಗೆ ಹಾಕುವ ಸಾಮಾನ್ಯ ಎಸ್‌ಎಸ್‌ಡಿಯೊಂದನ್ನು ಡಿಸ್ಕಿನ ವೇಗ ಅಳೆಯುವ ಎಫ್‌ಐಒ ತಂತ್ರಾಂಶದಿಂದ ಪರೀಕ್ಷಿಸಿದೆ. ಪ್ರತಿ ಬರವಣಿಗೆಯೂ ನಿಜಕ್ಕೂ ಡಿಸ್ಕಿಗೆ ಇಳಿಯಿತೆಂದು ಖಚಿತಪಡಿಸಿಕೊಂಡು ಮುಂದುವರಿಯುವ ವಿಧಾನದಲ್ಲಿ ಅದು ಸೆಕೆಂಡಿಗೆ ಸುಮಾರು 400 ಬರವಣಿಗೆಗಳನ್ನು ಮುಗಿಸಿತು. ಕರೆಂಟ್ ಹೋದಾಗ ಒಳಗಿನ ಕೆಪಾಸಿಟರ್‌ಗಳ ಬಲದಿಂದ ದತ್ತಾಂಶ ಉಳಿಸಿಕೊಳ್ಳುವ ಸರ್ವರ್ ದರ್ಜೆಯ ಎಸ್‌ಎಸ್‌ಡಿ ಅದೇ ಪರೀಕ್ಷೆಯಲ್ಲಿ ಎಂಟು–ಒಂಬತ್ತು ಸಾವಿರ ಮುಗಿಸಿತು. ಅಂಥ 960 ಜಿಬಿಯ ಎರಡನ್ನು 30 ಸಾವಿರಕ್ಕೆ ತಂದು ಎರಡರಲ್ಲೂ ಒಂದೇ ದತ್ತಾಂಶ ಇರುವ ರೈಡ್ 1ರಲ್ಲಿ ಜೋಡಿಸಿದೆ. ಬ್ಯಾಕಪ್‌ಗೆ 4 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗಳಿಗೆ 21 ಸಾವಿರ ಆಯಿತು. ಬಳಸಿದ ಎಸ್‌ಎಸ್‌ಡಿಯಲ್ಲಿ ಎಷ್ಟು ಆಯುಷ್ಯ ಉಳಿದಿದೆ ಎಂಬುದನ್ನು ಡಿಸ್ಕ್ ತಾನೇ ಹೇಳುವ ಸ್ಮಾರ್ಟ್ ಅಂಕಿಗಳಲ್ಲದೆ ಇನ್ನೊಂದು ರೀತಿಯಲ್ಲೂ ನಾನು ನೋಡುತ್ತೇನೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಸರ್ವರ್ ಜೊತೆ ಬಂದ ರೈಡ್ ಕಾರ್ಡ್ ನನ್ನ ಒಂದು ವಾರವನ್ನು ನುಂಗಿತು. ಪರೀಕ್ಷೆಗೆಂದು 9ನೇ ಆವೃತ್ತಿಯ ಇನ್‌ಸ್ಟಾಲರ್ ಹಾಕಿದರೆ ಒಂದೂ ಡಿಸ್ಕ್ ಕಾಣಲಿಲ್ಲ. ಕೇಬಲ್ ಬದಲಿಸಿದೆ, ಬಯಾಸ್ ಹೊಸದು ಮಾಡಿದೆ, ಏನೂ ಪ್ರಯೋಜನವಾಗಲಿಲ್ಲ. ರೆಡ್ ಹ್ಯಾಟ್ 8ರಿಂದ ಮುಂದೆ ಹಳೆಯ ರೈಡ್ ಕಾರ್ಡ್‌ಗಳಲ್ಲಿ ಹಲವನ್ನು ಬೆಂಬಲದಿಂದ ಕೈಬಿಟ್ಟಿದ್ದಾರೆ, ನನ್ನದು ಆ ಪಟ್ಟಿಯಲ್ಲೇ ಇತ್ತು. ಹೊರಗಿನ ಡ್ರೈವರ್ ಸೇರಿಸಿ ಓಡಿಸಬಹುದಿತ್ತು, ಆದರೆ ಪ್ರತಿ ಕರ್ನಲ್ ಬದಲಾವಣೆಗೂ ಎದೆ ಹಿಡಿದುಕೊಂಡು ಕೂರುವ ವ್ಯವಸ್ಥೆ ಗಿರಣಿಗೆ ಸಲ್ಲದು. ಕಾರ್ಡ್ ಕಿತ್ತು, ಡಿಸ್ಕ್‌ಗಳನ್ನು ನೇರ ಮದರ್‌ಬೋರ್ಡ್‌ನ ಸಾಟಾಕ್ಕೆ ಜೋಡಿಸಿ, ಲಿನಕ್ಸ್‌ನದೇ ಆದ ಎಂಡಿಎಡಿಎಂ ಮೂಲಕ ಸಾಫ್ಟ್‌ವೇರ್ ರೈಡ್ ಮಾಡಿದೆ. ಈಗ ಯಾವುದೇ ಡಿಸ್ಕನ್ನು ಕಿತ್ತು ಬೇರೆ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಓದಬಹುದು.

ಈ ನಡುವೆ ಸಾಹುಕಾರರು 16 ಕ್ಯಾಮೆರಾಗಳ ದೃಶ್ಯವನ್ನೂ ಇದೇ ಸರ್ವರ್‌ನಲ್ಲಿ ಇಡಲು ಕೇಳಿದರು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ, ಹದಿನಾರಕ್ಕೆ 345 ಜಿಬಿ, ತಿಂಗಳಿಗೆ 10 ಟಿಬಿಗೂ ಹೆಚ್ಚು. ನಾಲ್ಕು ಕ್ಯಾಮೆರಾಗಳನ್ನು ಒಂದು ವಾರ ಬ್ಯಾಕಪ್ ಡಿಸ್ಕಿಗೆ ಬರೆಸಿ ನೋಡಿದಾಗ 600 ಜಿಬಿಯಷ್ಟು ತುಂಬಿತು, ರಾತ್ರಿಯ ಬ್ಯಾಕಪ್ 20 ನಿಮಿಷದಿಂದ ಒಂದೂಕಾಲು ತಾಸಿಗೆ ಏರಿತು. ಕಾಗದದ ಮೇಲೆ ಲೆಕ್ಕ ತೋರಿಸಿದ ಮೇಲೆ ಅವರೇ ಕ್ಯಾಮೆರಾಗಳನ್ನು ಹಳೆಯ ಡಿವಿಆರ್‌ನಲ್ಲೇ ಬಿಟ್ಟರು.

ಡಿಸ್ಕಿನ ಹಂಚಿಕೆಯನ್ನು ಇನ್‌ಸ್ಟಾಲರ್‌ನ ಇಷ್ಟಕ್ಕೆ ಬಿಡಬಾರದು. ಬಿಟ್ಟರೆ ಅದು ವ್ಯವಸ್ಥೆಯ ಕಡತಗಳಿರುವ ರೂಟ್‌ಗೆ 70 ಜಿಬಿ ಕೊಟ್ಟು ಉಳಿದುದನ್ನೆಲ್ಲ ಬಳಕೆದಾರರ ಕಡತಗಳ ಹೋಮ್‌ಗೆ ಸುರಿಯುತ್ತದೆ. ಅದು ಬಳಸುವ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸಲಾಗದು. ನಾನು ರೂಟ್‌ಗೆ 40, ಲಾಗ್‌ಗಳಿಗೆ ಪ್ರತ್ಯೇಕವಾಗಿ 20, ಪೋಸ್ಟ್‌ಗ್ರೆಸ್‌ಗೆ 200, ಚೀಟಿಗಳ ಚಿತ್ರಗಳಿಗೆ 250 ಜಿಬಿ ಕೊಟ್ಟು, ಉಳಿದ ಸುಮಾರು 380 ಜಿಬಿಯನ್ನು ಡಿಸ್ಕಿನ ಜಾಗ ಹಂಚುವ ಎಲ್‌ವಿಎಂನಲ್ಲಿ ಯಾರಿಗೂ ಹಂಚದೆ ಖಾಲಿ ಇಟ್ಟೆ. ಲಾಗ್‌ಗಳಿಗೆ ಬೇರೆ ಮನೆ ಕಟ್ಟಿಕೊಟ್ಟದ್ದಕ್ಕೆ ಕಾರಣವಿದೆ: ಹಳೆಯ ಯಂತ್ರದಲ್ಲಿ ಒಮ್ಮೆ ಕೆಟ್ಟ ಪ್ರಿಂಟರ್ ಒಂದು ರಾತ್ರಿಯಿಡೀ ದೋಷಸಂದೇಶ ಕಳಿಸಿ ರೂಟ್ ತುಂಬಿಸಿ, ಬೆಳಗ್ಗೆ ಡೇಟಾಬೇಸ್ ನಿಂತುಹೋಗಿತ್ತು.

ಕರೆಂಟ್, ಧಗೆ, ಧೂಳು ಈ ಮೂರೂ ಯಾವ ದರಪಟ್ಟಿಯಲ್ಲೂ ಇರುವುದಿಲ್ಲ. ಸರ್ವರ್ ಕೆಲಸವಿಲ್ಲದಾಗ 95 ವಾಟ್, ಒತ್ತಡದಲ್ಲಿ 160 ವಾಟ್ ತಿನ್ನುವುದನ್ನು ಮೀಟರ್ ಹಾಕಿ ನೋಡಿದೆ. ಗಿರಣಿಯ ದೊಡ್ಡ ಮೋಟರ್‌ಗಳು ಆರಂಭವಾಗುವಾಗ ವೋಲ್ಟೇಜ್ ಕುಸಿಯುತ್ತದೆ. ಮೊದಲು ಇದ್ದ ಸಾದಾ ಯುಪಿಎಸ್ ಆ ಕ್ಷಣದಲ್ಲಿ ಬ್ಯಾಟರಿಗೆ ಹೊರಳುವಷ್ಟರಲ್ಲಿ ಪರೀಕ್ಷಾ ಯಂತ್ರ ಎರಡು ಸಲ ರೀಸ್ಟಾರ್ಟ್ ಆಯಿತು. ಆದ್ದರಿಂದ 1 ಕೆವಿಎಯ ಆನ್‌ಲೈನ್ ಯುಪಿಎಸ್, 42 ಆಂಪಿಯರ್ ಅವರ್‌ನ ಮೂರು ಬ್ಯಾಟರಿ ತಂದೆ. ಎಲ್ಲ ಸೇರಿ 34 ಸಾವಿರ. ನೆಟ್‌ವರ್ಕ್ ಸ್ವಿಚ್ಚೂ ಸೇರಿದಂತೆ ನಾಲ್ಕೂವರೆ ತಾಸು ನಡೆಯುತ್ತದೆ. ಧಗೆಗೆ ಎಸಿ ಬೇಕೆಂದರು. 160 ವಾಟ್‌ನ ಶಾಖ ಒಂದು ಟನ್ ಎಸಿಯ ಇಪ್ಪತ್ತನೆಯ ಒಂದು ಭಾಗವೂ ಅಲ್ಲ, ತಂಪಾಗಬೇಕಾದದ್ದು ಕೋಣೆ. ಬಿಸಿಲು ಬೀಳದ ಉತ್ತರದ ಕೋಣೆಯನ್ನು ಬಿಡಿಸಿಕೊಂಡು ಗಾಳಿ ಒಳಬರುವ ಕಡೆ ಜಾಳಿಗೆ, ಹೊರಹೋಗುವ ಕಡೆ ಫ್ಯಾನ್ ಕೂರಿಸಿದೆ. ಹೊರಗೆ 42 ಡಿಗ್ರಿ ಇದ್ದ ಮಧ್ಯಾಹ್ನವೂ ಸರ್ವರ್ ಮುಂದಿನ ಗಾಳಿ 36 ದಾಟಲಿಲ್ಲ. ತೌಡಿನ ಧೂಳು ಎಣ್ಣೆಯಂಶದಿಂದ ಅಂಟುವಂಥದ್ದು, ಮಾಮೂಲಿ ಜಾಳಿಗೆ ಹತ್ತು ದಿನಕ್ಕೆ ಕಟ್ಟಿಕೊಳ್ಳುತ್ತದೆ. ನಾನು ಎರಡು ಪದರ ಬಟ್ಟೆ ಬಳಸುತ್ತೇನೆ. ಯಾವ ಬಟ್ಟೆ ಎಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಇಷ್ಟೆಲ್ಲ ಯೋಜಿಸಿದರೂ ಒಂದು ಬಿಟ್ಟುಹೋಗಿತ್ತು. ಕಾಟಾದ ಇಂಡಿಕೇಟರ್ ತೂಕ ಕಳಿಸುವುದು ಹಳೆಯ ಸೀರಿಯಲ್ ಪೋರ್ಟ್ ಮೂಲಕ. ಸರ್ವರ್‌ನಲ್ಲಿದ್ದ ಒಂದು ಪೋರ್ಟ್‌ಗೆ ಒಂದು ಕಾಟಾ ಸೇರಿತು, ಎರಡನೆಯದಕ್ಕೆ ಯುಎಸ್‌ಬಿ ಅಡಾಪ್ಟರ್ ಹಾಕಬೇಕಾಯಿತು. ಪರೀಕ್ಷೆಗೆ ಇನ್ನೊಂದು ಅಡಾಪ್ಟರ್ ಚುಚ್ಚಿದ ದಿನ ರೀಸ್ಟಾರ್ಟ್ ಆದಮೇಲೆ ಅವುಗಳ ಹೆಸರು ಅದಲುಬದಲಾಗಿ ಕಾಟಾದ ತೂಕ ಬರುವುದೇ ನಿಂತಿತು. ಲಿನಕ್ಸ್‌ನಲ್ಲಿ ಸಾಧನಗಳ ಹೆಸರು ನೋಡಿಕೊಳ್ಳುವ ಯುಡೆವ್‌ಗೆ ನಿಯಮ ಬರೆದು ಅಡಾಪ್ಟರ್‌ಗೆ ಕಾಯಂ ಹೆಸರು ಕೊಟ್ಟ ಮೇಲೆ ಸರಿಹೋಯಿತು.

ಕಳೆದ ಡಿಸೆಂಬರ್‌ನ ಅತಿ ಹೆಚ್ಚು ಒತ್ತಡದ ಸಂಜೆ 130ರ ಆಸುಪಾಸು ಗಾಡಿಗಳು ಬಂದಿದ್ದವು. ಡಿಸ್ಕಿನ ಕಾಯುವ ಸಮಯ 2 ಮಿಲಿಸೆಕೆಂಡ್ ದಾಟಲಿಲ್ಲ, ಪ್ರೊಸೆಸರ್ ಶೇಕಡ 15ರಲ್ಲೇ ಇತ್ತು, ಚೀಟಿ ಎರಡು ಸೆಕೆಂಡಿನೊಳಗೆ ಬಂತು. ಗುಮಾಸ್ತನ ನೋಟ್‌ಬುಕ್‌ನಲ್ಲಿ ಆ ಇಡೀ ತಿಂಗಳಲ್ಲಿ ತಡ ಎಂದು ಬರೆದದ್ದು ಮೂರು ಸಲ, ಮೂರೂ ಸಲ ಪ್ರಿಂಟರ್‌ನಲ್ಲಿ ಕಾಗದ ಮುಗಿದಿತ್ತು. 38 ಸಾವಿರ ನಷ್ಟವಾದ ಕಾರಟಗಿಯ ಗಿರಣಿಯವರೂ ಈಗ ಕರೆದಿದ್ದಾರೆ. ಮೊದಲು ಒಂದು ಸುಗ್ಗಿ ಅಳೆಯುತ್ತೇನೆ, ಆಮೇಲೆ ದರ ಹೇಳುತ್ತೇನೆ ಎಂಬ ಷರತ್ತಿಗೆ ಅವರು ಒಪ್ಪಿದ್ದಾರೆ. ಅವರ ಹಳೆಯ ಯಂತ್ರದಲ್ಲಿ ಸಾರ್ ಈಗಾಗಲೇ ನಿಮಿಷಕ್ಕೊಮ್ಮೆ ಬರೆಯುತ್ತಿದೆ.