ಐದು ಸ್ಪೀಕರ್, ಒಂದು ಸಬ್‌ವೂಫರ್: ಎಳೆಯಬೇಕಾದದ್ದು ಡಿಜಿಟಲ್ ಕೇಬಲ್ಲೋ, ಅನಲಾಗ್ ಕೇಬಲ್ಲೋ?

ಹೋಮ್ ಥಿಯೇಟರ್ ರಿಸೀವರ್ (ಧ್ವನಿಯನ್ನು ಪಡೆದು, ದೊಡ್ಡದು ಮಾಡಿ, ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಒಂದರ ಬೆನ್ನನ್ನು ನಮ್ಮ ಕಡೆ ತಿರುಗಿಸಿಕೊಂಡರೆ, ಧ್ವನಿ ಒಳಗೆ ಬರುವುದಕ್ಕೆ ನಾಲ್ಕು ಬಗೆಯ ಬಾಗಿಲುಗಳು ಕಾಣುತ್ತವೆ: ಚಪ್ಪಟೆಯಾದ ಎಚ್‌ಡಿಎಂಐ ಸಾಕೆಟ್‌ಗಳು, ಪುಟ್ಟ ಮುಚ್ಚಳವಿರುವ ಚೌಕಾಕಾರದ ಆಪ್ಟಿಕಲ್ ಕಿಂಡಿ, ಕಿತ್ತಳೆ ಬಣ್ಣದ ಒಂಟಿ ಕೋಆಕ್ಸಿಯಲ್ ಸಾಕೆಟ್, ಹಾಗೂ ಹಳೆಯ ಅಥವಾ ದುಬಾರಿ ಮಾದರಿಯಾಗಿದ್ದರೆ ‘ಮಲ್ಟಿ ಚಾನೆಲ್ ಇನ್’ ಎಂದು ಬರೆದ ಆರು ಅಥವಾ ಎಂಟು ಆರ್‌ಸಿಎ ಸಾಕೆಟ್‌ಗಳ ಸಾಲು. ಮೊದಲ ಮೂರು ಡಿಜಿಟಲ್, ಕೊನೆಯದು ಅನಲಾಗ್. ಅಂಗಡಿಯಲ್ಲಿ ಕೇಳಿದರೆ ‘ಡಿಜಿಟಲ್ಲೇ ಹಾಕಿ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಹಳ ಸಲ ಆ ಉತ್ತರ ಸರಿಯೇ ಆಗಿರುತ್ತದೆ. ಅದು ತಪ್ಪಾಗುವ ಸಂದರ್ಭಗಳನ್ನು ತಿಳಿದುಕೊಂಡರೆ ಮಾತ್ರ ಕೊಂಡ ಸಾಮಾನಿಗೆ ಕೊಟ್ಟ ಹಣ ದಕ್ಕುತ್ತದೆ.

ಸ್ಪೀಕರ್‌ನ ಕೋನ್ ಅಲುಗಾಡುವುದು ಅನಲಾಗ್ ವಿದ್ಯುತ್ತಿನಿಂದಲೇ. ಡಿಸ್ಕಿನಲ್ಲಿಯೋ ಆ್ಯಪ್‌ನಲ್ಲಿಯೋ ಅಂಕಿಗಳ ರೂಪದಲ್ಲಿರುವ ಧ್ವನಿ, ದಾರಿಯಲ್ಲಿ ಎಲ್ಲಿಯಾದರೂ ಒಂದು ಕಡೆ ವಿದ್ಯುತ್ತಿನ ಅಲೆಯಾಗಿ ಬದಲಾಗಲೇಬೇಕು. ಪ್ಲೇಯರ್‌ನಲ್ಲಿಯೇ ಆ ಬದಲಾವಣೆ ನಡೆದರೆ ಅಲ್ಲಿಂದ ಮುಂದೆ ಅನಲಾಗ್ ಕೇಬಲ್‌ಗಳು ಬೇಕು. ರಿಸೀವರ್‌ನಲ್ಲಿ ನಡೆಯಬೇಕಾದರೆ ಅಲ್ಲಿಯವರೆಗೆ ಡಿಜಿಟಲ್ ಕೇಬಲ್ ಬೇಕು. ಅಂದರೆ ಈ ಕೆಲಸವನ್ನು ಯಾವ ಪೆಟ್ಟಿಗೆಗೆ ಒಪ್ಪಿಸುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಬೇಕು, ಕೇಬಲ್ ಯಾವುದೆಂಬುದು ಅದರ ಹಿಂದೆ ತಾನಾಗಿ ಬರುತ್ತದೆ.

ಮೊದಲ ಹೆಜ್ಜೆ: ಕೇಳುವುದು ಏನನ್ನು?

ಒಂದು ಹಾಳೆಯ ಮೇಲೆ ನಿಮ್ಮ ಮನೆಯಲ್ಲಿ ಧ್ವನಿ ಎಲ್ಲೆಲ್ಲಿಂದ ಬರುತ್ತದೆ ಎಂಬುದನ್ನು ಬರೆದುಕೊಳ್ಳಿ. ಸಿಡಿಯಲ್ಲಿರುವುದು ಎರಡೇ ಚಾನೆಲ್, ಅಂದರೆ ಎಡ ಮತ್ತು ಬಲ ಸ್ಪೀಕರ್‌ಗೆ ಒಂದೊಂದು ಧ್ವನಿಯ ಎಳೆ. ಅದಕ್ಕೆ ಯಾವ ದಾರಿಯೂ ಸಾಕು. ಡಿವಿಡಿ ಚಲನಚಿತ್ರಗಳಲ್ಲಿ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಒತ್ತಿ ಚಿಕ್ಕದು ಮಾಡಿದ 5.1 ಧ್ವನಿ (ಐದು ಸ್ಪೀಕರ್‌ಗಳಿಗೆ ಐದು ಚಾನೆಲ್, ಆಳದ ಸದ್ದಿನ ಸಬ್‌ವೂಫರ್‌ಗೆ ಒಂದು) ಇರುತ್ತದೆ. ಬ್ಲೂ-ರೇ ಡಿಸ್ಕಿನಲ್ಲಿ ಅವುಗಳ ಜೊತೆಗೆ, ಏನನ್ನೂ ಕಳೆದುಕೊಳ್ಳದ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಸಿಗಬಹುದು. ಸ್ಮಾರ್ಟ್ ಟಿವಿಯ ಚಲನಚಿತ್ರ ಆ್ಯಪ್‌ಗಳು ಹೆಚ್ಚಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಕಳುಹಿಸುತ್ತವೆ. ಕಂಪ್ಯೂಟರ್ ಆಟಗಳು ಆಯಾ ಕ್ಷಣದಲ್ಲೇ ಧ್ವನಿಯನ್ನು ಹೆಣೆಯುವುದರಿಂದ, ಅದನ್ನು ಒತ್ತದೆ, ಪಿಸಿಎಂ ಎಂಬ ನೇರ ಅಂಕಿಗಳ ರೂಪದಲ್ಲಿ ಕೊಡುತ್ತವೆ. ಇನ್ನು 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ತಂದ ಎಸ್‌ಎಸಿಡಿ, ಅದರ ಬೆನ್ನಿಗೇ ಬಂದ ಡಿವಿಡಿ-ಆಡಿಯೊ ಎಂಬ ಉತ್ತಮ ಗುಣಮಟ್ಟದ ಸಂಗೀತದ ಡಿಸ್ಕ್‌ಗಳೆರಡೂ ಬೇರೆಯೇ ಜಾತಿ. ಅವುಗಳ ಕಥೆ ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ದಾರಿಯ ಅಗಲ ಅಳೆಯುವುದು

ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ನೋಡಲು ಬೇರೆ ಬೇರೆಯಾದರೂ ಎರಡರಲ್ಲೂ ಹರಿಯುವುದು ಎಸ್‌ಪಿಡಿಐಎಫ್ ಎಂಬ ಒಂದೇ ಪದ್ಧತಿಯ ಸಂಕೇತ. ಒಂದು ಕೆಂಪು ಬೆಳಕಾಗಿ ಪ್ಲಾಸ್ಟಿಕ್ ಎಳೆಯಲ್ಲಿ ಸಾಗುತ್ತದೆ, ಇನ್ನೊಂದು ವಿದ್ಯುತ್ತಾಗಿ ತಾಮ್ರದಲ್ಲಿ. ಈ ಪದ್ಧತಿ ಸಿಡಿಯ ಕಾಲದ್ದು, ಆಪ್ಟಿಕಲ್ ಪ್ಲಗ್ ತೋಶಿಬಾ ಕಂಪನಿ 1983ರಲ್ಲಿ ತಂದದ್ದು. ಎರಡು ಚಾನೆಲ್‌ಗಳಿಗೆಂದು ಕಡಿದ ಕಾಲುವೆಯಲ್ಲಿ ಆರು ಚಾನೆಲ್‌ಗಳು ಹೇಗೆ ಹಿಡಿಯುತ್ತವೆ ಎಂಬುದನ್ನು ಲೆಕ್ಕ ಹಾಕಿದರೆ ಇಡೀ ವಿಷಯ ಸ್ಪಷ್ಟವಾಗುತ್ತದೆ. ಸೆಕೆಂಡಿಗೆ ಧ್ವನಿಯ 48,000 ಅಳತೆ (ಸ್ಯಾಂಪಲ್), ಒಂದೊಂದಕ್ಕೂ 16 ಬಿಟ್, ಎರಡು ಚಾನೆಲ್ ಎಂದರೆ ಸೆಕೆಂಡಿಗೆ 15.36 ಲಕ್ಷ ಬಿಟ್‌ಗಳು. ಅದೇ ಲೆಕ್ಕದಲ್ಲಿ ಒತ್ತದ ಆರು ಚಾನೆಲ್‌ಗಳಿಗೆ ಸುಮಾರು 46 ಲಕ್ಷ ಬಿಟ್ ಬೇಕು, ಅದು ಹಿಡಿಯುವುದಿಲ್ಲ. ಆದರೆ ಡಿವಿಡಿಯ ಡಾಲ್ಬಿ ಡಿಜಿಟಲ್ ಹೆಚ್ಚೆಂದರೆ 4.48 ಲಕ್ಷ, ಡಿಟಿಎಸ್ ಹೆಚ್ಚೆಂದರೆ ಸುಮಾರು 15.09 ಲಕ್ಷ ಬಿಟ್‌ಗಳಿಗೆ ಒತ್ತಲ್ಪಟ್ಟಿರುವುದರಿಂದ, ಅವು ಆ ಕಾಲುವೆಯಲ್ಲೇ ಸಾಗಿ ಹೋಗುತ್ತವೆ. ಡಿಟಿಎಸ್‌ನ ಆ ಅಂಕಿ ಸ್ಟೀರಿಯೊ ಜಾಗಕ್ಕೆ ಅಳೆದು ಹೊಲಿದ ಅಂಗಿಯಂತಿದೆ ಎಂಬುದನ್ನು ಗಮನಿಸಿ.

ಹಾಗಾಗಿ ಡಿವಿಡಿಯೇ ನಿಮ್ಮ ಮುಖ್ಯ ಮೂಲವಾಗಿದ್ದರೆ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಒಂದೇ ಕೇಬಲ್ ಪೂರ್ಣ ಕೆಲಸ ಮಾಡುತ್ತದೆ, ಎಚ್‌ಡಿಎಂಐ ಇಲ್ಲವೆಂದು ಕೊರಗುವ ಅಗತ್ಯವಿಲ್ಲ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ, ಡಾಲ್ಬಿ ಡಿಜಿಟಲ್ ಪ್ಲಸ್ ಈ ದಾರಿಯಲ್ಲಿ ಬರುವುದಿಲ್ಲ. ಬ್ಲೂ-ರೇ ಪ್ಲೇಯರ್ ಆಗ ಹಳೆಯ ಡಾಲ್ಬಿ ಅಥವಾ ಡಿಟಿಎಸ್ ರೂಪವನ್ನು ಕಳುಹಿಸುತ್ತದೆ. ಕಂಪ್ಯೂಟರ್ ಆಟದ ಧ್ವನಿಯಂತೂ ಆಪ್ಟಿಕಲ್‌ನಲ್ಲಿ ಎರಡೇ ಚಾನೆಲ್ ಆಗಿ ಬರುತ್ತದೆ. ಸೌಂಡ್ ಕಾರ್ಡಿನಲ್ಲಿ ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಎಂಬ ಸೌಲಭ್ಯವಿದ್ದು, ಅದು ಅಲ್ಲಿಂದಲೇ ಧ್ವನಿಯನ್ನು ಒತ್ತಿ ಕಳುಹಿಸಿದರೆ ಮಾತ್ರ 5.1 ಸಿಗುತ್ತದೆ.

ಎಚ್‌ಡಿಎಂಐ ವಿಶಾಲವಾದ ರಸ್ತೆ. 2002ರ ಕೊನೆಯಲ್ಲಿ ಬಂದ ಮೊದಲ ಆವೃತ್ತಿಯೇ ಎಂಟು ಚಾನೆಲ್‌ಗಳ ಪಿಸಿಎಂ ಹೊರಬಲ್ಲದಾಗಿತ್ತು, 2006ರ 1.3 ಆವೃತ್ತಿಯಿಂದ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿಗಳನ್ನು ಬಿಚ್ಚದೆಯೇ (ಡಿಕೋಡ್ ಮಾಡದೆಯೇ) ರಿಸೀವರ್‌ಗೆ ಒಪ್ಪಿಸುವುದು ಸಾಧ್ಯವಾಯಿತು. ಟಿವಿಯಿಂದ ರಿಸೀವರ್‌ಗೆ ಅದೇ ಕೇಬಲಿನಲ್ಲಿ ಧ್ವನಿಯನ್ನು ಹಿಂದಕ್ಕೆ ಕಳುಹಿಸುವ ಎಆರ್‌ಸಿ 2009ರ 1.4 ಆವೃತ್ತಿಯೊಂದಿಗೆ ಬಂತು, ಅದಕ್ಕಿಂತ ಅಗಲವಾದ ಇಎಆರ್‌ಸಿ 2017ರ 2.1 ಆವೃತ್ತಿಯೊಂದಿಗೆ. ಟಿವಿಯ ಆ್ಯಪ್‌ಗಳಿಂದ ಬರುವ ಡಾಲ್ಬಿ ಡಿಜಿಟಲ್ ಪ್ಲಸ್‌ಗೆ ಎಆರ್‌ಸಿ ಸಾಕು. ಟಿವಿಗೆ ಜೋಡಿಸಿದ ಬ್ಲೂ-ರೇ ಪ್ಲೇಯರಿನ ಟ್ರೂಎಚ್‌ಡಿ ರಿಸೀವರ್ ತಲುಪಬೇಕಾದರೆ ಇಎಆರ್‌ಸಿ ಬೇಕು. ಪ್ಲೇಯರನ್ನು ನೇರವಾಗಿ ರಿಸೀವರ್‌ಗೇ ಜೋಡಿಸಿದರೆ ಈ ತಲೆನೋವೇ ಇರುವುದಿಲ್ಲ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರು ಇಲ್ಲಿಗೆ ಓದು ನಿಲ್ಲಿಸಿ ಎಚ್‌ಡಿಎಂಐ ಹಾಕಿಕೊಂಡರೆ ನಷ್ಟವೇನಿಲ್ಲ.

ಮೂರನೆಯ ಹೆಜ್ಜೆ: ಅನಲಾಗ್ ಬೇಕಾಗುವ ಸಂದರ್ಭಗಳನ್ನು ಗುರುತಿಸುವುದು

ನಮ್ಮ ಕಡೆ ಅತಿ ಹೆಚ್ಚು ಕಾಣುವ ಸಂದರ್ಭವೆಂದರೆ, 5.1 ಎಂದು ಮಾರಾಟವಾಗುವ ಮಲ್ಟಿಮೀಡಿಯಾ ಸ್ಪೀಕರ್ ಸೆಟ್‌ಗಳದ್ದು. ಅವುಗಳಲ್ಲಿ ಅನೇಕದರಲ್ಲಿ ಒತ್ತಿದ ಧ್ವನಿಯನ್ನು ಬಿಚ್ಚುವ ಡಿಕೋಡರ್ ಇರುವುದೇ ಇಲ್ಲ. ಆರು ಆಂಪ್ಲಿಫೈಯರ್‌ಗಳು, ಹಿಂದೆ ಆರು ಆರ್‌ಸಿಎ ಸಾಕೆಟ್‌ಗಳು, ಅಷ್ಟೇ. ಬಿಚ್ಚುವ ಕೆಲಸ ಬೇರೆ ಕಡೆ ಆಗಬೇಕು. ‘5.1 ಔಟ್’ ಇರುವ ಡಿವಿಡಿ ಪ್ಲೇಯರ್ ಇದ್ದರೆ ಅದರಿಂದ ಆರು ವೈರ್ ಎಳೆಯಬಹುದು. ಕಂಪ್ಯೂಟರ್ ಆದರೆ ಹಿಂದಿನ ಹಸಿರು, ಕಿತ್ತಳೆ, ಕಪ್ಪು ಬಣ್ಣದ ಮೂರು ಜ್ಯಾಕ್‌ಗಳಿಂದ ಎಳೆಯಬಹುದು. ಟಿವಿಯಿಂದಾದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುವ ಪುಟ್ಟ ಡಿಕೋಡರ್ ಪೆಟ್ಟಿಗೆಯನ್ನು ನಡುವೆ ಹಾಕಬೇಕಾಗುತ್ತದೆ: ಒಂದು ಕಡೆ ಆಪ್ಟಿಕಲ್ ಒಳಹೋಗುತ್ತದೆ, ಇನ್ನೊಂದು ಕಡೆ ಆರು ಆರ್‌ಸಿಎ ಹೊರಬರುತ್ತವೆ. ಕೊಳ್ಳುವ ಮುನ್ನ ನಿಮ್ಮ ಟಿವಿ ಆಪ್ಟಿಕಲ್‌ನಲ್ಲಿ ಡಾಲ್ಬಿ ಡಿಜಿಟಲ್ ಹೊರಕೊಡುತ್ತದೆಯೇ ಎಂಬುದನ್ನು ಅದರ ಮೆನುವಿನಲ್ಲಿ ನೋಡಿಕೊಳ್ಳಿ. ಬರೀ ಪಿಸಿಎಂ ಕೊಡುವ ಟಿವಿಗೆ ಎಂಥ ಡಿಕೋಡರ್ ಹಾಕಿದರೂ ಎರಡೇ ಚಾನೆಲ್.

ಎರಡನೆಯ ಸಂದರ್ಭ ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೊ ಇಟ್ಟುಕೊಂಡವರದ್ದು. ನಕಲು ಮಾಡುವವರ ಭಯದಿಂದ ಈ ಡಿಸ್ಕ್‌ಗಳ ಉತ್ತಮ ಗುಣಮಟ್ಟದ ಧ್ವನಿಯನ್ನು ಆಪ್ಟಿಕಲ್ ಮತ್ತು ಕೋಆಕ್ಸಿಯಲ್‌ಗೆ ಬಿಡಲಿಲ್ಲ. ಡಿಜಿಟಲ್ ಕೇಬಲ್ ಹಾಕಿ ಎಸ್‌ಎಸಿಡಿ ಕೇಳಲು ಹೊರಟವರಿಗೆ ಸಿಗುವುದು ಒಂದೋ ಮೌನ, ಇಲ್ಲವೆ ಅದೇ ಡಿಸ್ಕಿನ ಸಿಡಿ ಪದರ. ಡಿವಿಡಿ-ಆಡಿಯೊ ಆದರೆ ಹೆಚ್ಚಾಗಿ ಅದರಲ್ಲಿಯೇ ಅಡಗಿರುವ ಸಾಧಾರಣ ಡಾಲ್ಬಿ ಧ್ವನಿ. ಹಳೆಯ ಪ್ಲೇಯರ್‌ಗಳ ಬೆನ್ನ ಮೇಲೆ ಆರು ಅನಲಾಗ್ ಸಾಕೆಟ್‌ಗಳಿರುವುದು ಇದೇ ಕಾರಣಕ್ಕೆ. ಮುಂದೆ ಎಚ್‌ಡಿಎಂಐ 1.1 ಡಿವಿಡಿ-ಆಡಿಯೊಗೂ, 1.2 ಎಸ್‌ಎಸಿಡಿಗೂ ಬಾಗಿಲು ತೆರೆದವು; ಆದರೆ ಆ ಕಾಲದ ಪ್ಲೇಯರ್ ಇರುವವರಿಗೆ ಇಂದಿಗೂ ಆರು ತಂತಿಗಳೇ ಗತಿ.

ಮೂರನೆಯದು, ಎಚ್‌ಡಿಎಂಐ ಇಲ್ಲದ ಒಳ್ಳೆಯ ಹಳೆಯ ರಿಸೀವರ್. ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. 5.1 ಅಥವಾ 7.1 ಅನಲಾಗ್ ಔಟ್ ಇರುವ ಬ್ಲೂ-ರೇ ಪ್ಲೇಯರ್ ಸಿಕ್ಕರೆ, ಅದು ಟ್ರೂಎಚ್‌ಡಿಯನ್ನು ತನ್ನೊಳಗೇ ಬಿಚ್ಚಿ ಅನಲಾಗ್ ಆಗಿ ಕೊಡುತ್ತದೆ, ರಿಸೀವರ್ ಕೇವಲ ಆಂಪ್ಲಿಫೈಯರ್ ಆಗಿ ದುಡಿಯುತ್ತದೆ. ನನ್ನ ಮಟ್ಟಿಗೆ ಇದು ಆಪ್ಟಿಕಲ್‌ನಲ್ಲಿ ಒತ್ತಿದ ಧ್ವನಿ ಕೇಳುವುದಕ್ಕಿಂತ ಮೇಲು.

ನಾಲ್ಕನೆಯ ಹೆಜ್ಜೆ: ಅನಲಾಗ್ ಹಾಕಿದರೆ ಕಳೆದುಕೊಳ್ಳುವುದನ್ನು ತುಂಬಿಕೊಳ್ಳುವುದು

ಅಂಗಡಿಯವರು ಹೇಳದೆ ಬಿಡುವ ಮಾತು ಇಲ್ಲಿದೆ. ರಿಸೀವರ್‌ಗೆ ಡಿಜಿಟಲ್ ಧ್ವನಿ ಕೊಟ್ಟಾಗ ಅದು ಬಿಚ್ಚುವುದರ ಜೊತೆಗೆ ಇನ್ನೂ ಮೂರು ಕೆಲಸ ಮಾಡುತ್ತದೆ: ಚಿಕ್ಕ ಸ್ಪೀಕರ್‌ಗಳಿಗೆ ಎಟುಕದ, ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರ್‌ಗೆ ತಿರುಗಿಸುತ್ತದೆ; ಹತ್ತಿರದ ಸ್ಪೀಕರಿನ ಧ್ವನಿಯನ್ನು ಕೊಂಚ ತಡೆದು ಎಲ್ಲವೂ ಒಂದೇ ಹೊತ್ತಿಗೆ ಕಿವಿಗೆ ಮುಟ್ಟುವಂತೆ ಮಾಡುತ್ತದೆ; ಕೋಣೆಯ ಗೋಡೆಗಳಿಂದ ಆಗುವ ಏರುಪೇರನ್ನು ಮೈಕ್ ಇಟ್ಟು ಅಳೆದು ತಿದ್ದುತ್ತದೆ. ‘ಮಲ್ಟಿ ಚಾನೆಲ್ ಇನ್’ ಮೂಲಕ ಬಂದ ಅನಲಾಗ್ ಧ್ವನಿಗೆ ಬಹುತೇಕ ರಿಸೀವರ್‌ಗಳು ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ. ಬಂದದ್ದನ್ನು ದೊಡ್ಡದು ಮಾಡಿ ಕಳುಹಿಸುತ್ತವೆ, ಅಷ್ಟೇ.

ಆದ್ದರಿಂದ ಆ ಲೆಕ್ಕಾಚಾರವನ್ನು ಪ್ಲೇಯರಿನ ಮೆನುವಿನಲ್ಲಿ ನೀವೇ ತುಂಬಬೇಕು. ‘ಸ್ಪೀಕರ್ ಸೆಟಪ್’ ಎಂಬಲ್ಲಿ ಪ್ರತಿ ಸ್ಪೀಕರ್ ‘ಸ್ಮಾಲ್’ ಅಥವಾ ‘ಲಾರ್ಜ್’ ಎಂದು ಆರಿಸಿ. ಅಂಗೈಯಗಲದ ಕೋನ್ ಇರುವ ಪೆಟ್ಟಿಗೆಗೆ ‘ಸ್ಮಾಲ್’ ಎನ್ನಲು ಸಂಕೋಚ ಬೇಡ. ಬಳಿಕ ಕುಳಿತುಕೊಳ್ಳುವ ಜಾಗದಿಂದ ಒಂದೊಂದು ಸ್ಪೀಕರ್‌ಗೂ ಟೇಪ್ ಹಿಡಿದು ಅಳೆದು ದೂರವನ್ನು ನಮೂದಿಸಿ. ಧ್ವನಿ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಿಂದಿನ ಸ್ಪೀಕರ್ ಮುಂದಿನದಕ್ಕಿಂತ ಒಂದೂವರೆ ಮೀಟರ್ ಹತ್ತಿರವಿದ್ದರೆ ಅದರ ಸದ್ದು ನಾಲ್ಕು ಮಿಲಿಸೆಕೆಂಡಿಗಿಂತ ಹೆಚ್ಚು ಮುಂಚೆ ಬಂದು, ದೃಶ್ಯವನ್ನು ಹಿಂದಕ್ಕೆ ಎಳೆದಂತೆ ಅನಿಸುತ್ತದೆ. ಕೆಲವು ಪ್ಲೇಯರ್‌ಗಳು ಡಿವಿಡಿಗೆ ಈ ಸೌಲಭ್ಯ ಕೊಟ್ಟು ಎಸ್‌ಎಸಿಡಿಗೆ ಕೊಡುವುದಿಲ್ಲ. ಅನಲಾಗ್‌ನಲ್ಲಿ ಸಬ್‌ವೂಫರ್ ಸದ್ದು ಅನುಮಾನ ಬರುವಷ್ಟು ಬಡವಾಗಿದ್ದರೆ, ಆ ಚಾನೆಲಿಗೆ ಸಲ್ಲಬೇಕಾದ 10 ಡೆಸಿಬೆಲ್ ಏರಿಕೆಯನ್ನು ಪ್ಲೇಯರ್ ಆಗಲಿ ರಿಸೀವರ್ ಆಗಲಿ ಕೊಟ್ಟಿಲ್ಲವೆಂದು ತಿಳಿದು, ಸಬ್‌ವೂಫರ್ ಮಟ್ಟವನ್ನು ಅಷ್ಟು ಏರಿಸಿ ನೋಡಿ.

ಐದನೆಯ ಹೆಜ್ಜೆ: ಜೋಡಣೆ

ಎಲ್ಲ ಪ್ಲಗ್‌ಗಳನ್ನೂ ಕಿತ್ತಿಟ್ಟು ಕೆಲಸ ಆರಂಭಿಸಿ. ಆರು ಅನಲಾಗ್ ವೈರ್‌ಗಳ ಎರಡೂ ತುದಿಗೆ ಚೀಟಿ ಅಂಟಿಸಿ: ಮುಂದೆ ಎಡ, ಮುಂದೆ ಬಲ, ಸೆಂಟರ್, ಸಬ್, ಹಿಂದೆ ಎಡ, ಹಿಂದೆ ಬಲ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಕಂಪ್ಯೂಟರಿನ ಕಿತ್ತಳೆ ಜ್ಯಾಕ್‌ನಿಂದ ಸೆಂಟರ್ ಮತ್ತು ಸಬ್‌ವೂಫರ್ ಎರಡೂ ಒಂದೇ ವೈರಿನಲ್ಲಿ ಬರುತ್ತವೆ. ಅದರ ಕವಲುಗಳನ್ನು ಅದಲುಬದಲು ಮಾಡಿ, ನಾಯಕನ ಮಾತೆಲ್ಲ ಸೋಫಾದ ಪಕ್ಕದ ಸಬ್‌ವೂಫರ್‌ನಿಂದ ಬಾವಿಯೊಳಗೆ ಮಾತನಾಡಿದಂತೆ ಬರುತ್ತಿದ್ದುದನ್ನು ನಾನು ಎರಡು ವಾರ ಕೆಟ್ಟ ರೆಕಾರ್ಡಿಂಗ್ ಎಂದೇ ನಂಬಿದ್ದೆ.

ಆಪ್ಟಿಕಲ್ ಕೇಬಲಿನ ಎರಡು ತುದಿಗಳಲ್ಲೂ ಇರುವ ಪುಟ್ಟ ಪ್ಲಾಸ್ಟಿಕ್ ಟೋಪಿಯನ್ನು ತೆಗೆಯಬೇಕು; ಪಾರದರ್ಶಕವಾಗಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಪ್ಲಗ್‌ನ ಆಕಾರ ನೋಡಿ ಒಂದೇ ದಿಕ್ಕಿನಲ್ಲಿ ತಳ್ಳಿ, ಚೂಪಾಗಿ ಮಡಿಸಬೇಡಿ, ಐದು ಮೀಟರಿಗಿಂತ ಉದ್ದ ಬೇಡ. ಕೋಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು. ಅಟ್ಟದ ಮೇಲಿನ ಹಳೆಯ ಡಿವಿಡಿ ಪ್ಲೇಯರಿನ ಹಳದಿ ವಿಡಿಯೊ ಕೇಬಲ್ ಚೆನ್ನಾಗಿದ್ದರೆ ಅದನ್ನೇ ಹಾಕಬಹುದು. ಚಿನ್ನದ ಲೇಪನದ ಡಿಜಿಟಲ್ ಕೇಬಲ್‌ಗೆ ಸಾವಿರಾರು ರೂಪಾಯಿ ಸುರಿಯುವುದಕ್ಕಿಂತ ಆ ಹಣವನ್ನು ಸೆಂಟರ್ ಸ್ಪೀಕರ್‌ಗೆ ಹಾಕಿ.

ಆರನೆಯ ಹೆಜ್ಜೆ: ಮೆನು ಮತ್ತು ಪರೀಕ್ಷೆ

ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಹಾಕಿದ್ದರೆ ಪ್ಲೇಯರಿನ ಧ್ವನಿ ಮೆನುವಿನಲ್ಲಿ ‘ಬಿಟ್‌ಸ್ಟ್ರೀಮ್’ (ಒತ್ತಿದ ಧ್ವನಿಯನ್ನು ಬಿಚ್ಚದೆ ಹಾಗೆಯೇ ಕಳುಹಿಸುವುದು) ಆರಿಸಲೇಬೇಕು; ‘ಪಿಸಿಎಂ’ ಇದ್ದರೆ 5.1 ಧ್ವನಿ ಎರಡು ಚಾನೆಲ್‌ಗೆ ಕುಗ್ಗಿ ಬರುತ್ತದೆ. ಎಚ್‌ಡಿಎಂಐನಲ್ಲಿ ಎರಡೂ ನಡೆಯುತ್ತವೆ, ಆದರೆ ತಲೆಯ ಮೇಲಿನಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಬೇಕೆಂದರೆ ಬಿಟ್‌ಸ್ಟ್ರೀಮ್. ಬ್ಲೂ-ರೇ ಪ್ಲೇಯರಿನಲ್ಲಿ ‘ಸೆಕೆಂಡರಿ ಆಡಿಯೊ’ ಎಂಬುದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಟ್ರೂಎಚ್‌ಡಿ ಹಾಗೆಯೇ ಹೊರಬರುವುದಿಲ್ಲ. ಆಮೇಲೆ ರಿಸೀವರಿನ ಮುಂಭಾಗದ ಅಕ್ಷರಗಳನ್ನು ಓದಿ. ಡಿಸ್ಕಿನಲ್ಲಿ 5.1 ಇದ್ದೂ ಅಲ್ಲಿ ಎರಡು ಚಾನೆಲ್‌ನ ಪಿಸಿಎಂ ಎಂದು ಬಂದರೆ, ಐದೂ ಸ್ಪೀಕರ್‌ಗಳಿಂದ ಸದ್ದು ಬರುತ್ತಿದ್ದರೂ ಅದು ರಿಸೀವರ್ ಊಹಿಸಿ ಹಂಚುತ್ತಿರುವ ಸ್ಟೀರಿಯೊ.

ಒಂದೊಂದು ಸ್ಪೀಕರನ್ನೂ ಬೇರೆಬೇರೆಯಾಗಿ ಪರೀಕ್ಷಿಸಲು ‘ಟೆಸ್ಟ್ ಟೋನ್’ ಬಳಸಿ. ಅನಲಾಗ್ ಜೋಡಣೆಯಲ್ಲಿ ಇದನ್ನು ಪ್ಲೇಯರಿನ ಮೆನುವಿನಿಂದಲೇ ಹಾಕಬೇಕು. ರಿಸೀವರಿನ ಟೋನ್ ಅದರೊಳಗಿಂದಲೇ ಹುಟ್ಟುವುದರಿಂದ ನಿಮ್ಮ ಆರು ವೈರ್‌ಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಲ್ಲ ಆದ ಮೇಲೆ ಗುಂಯ್ ಎಂಬ ಸದ್ದು ಉಳಿದಿದ್ದರೆ ಅದು ಹೆಚ್ಚಾಗಿ 50 ಹರ್ಟ್ಸ್ ಕರೆಂಟಿನ ಸದ್ದು, ಎರಡು ಕಡೆಯಿಂದ ಅರ್ಥ್ ಸೇರಿ ಆದ ಸುತ್ತು. ಸೆಟ್‌ಟಾಪ್ ಬಾಕ್ಸಿಗೆ ಬೀದಿಯಿಂದಲೋ ಡಿಶ್‌ನಿಂದಲೋ ಬಂದ ಕೇಬಲನ್ನು ಒಂದು ಕ್ಷಣ ಕಿತ್ತು ನೋಡಿ. ಸದ್ದು ನಿಂತರೆ ಅದೇ ದಾರಿ. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಪ್ಲಗ್ ಪಾಯಿಂಟಿನಿಂದ ಎಳೆದ ಬೋರ್ಡಿಗೆ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಇಲ್ಲವಾದರೆ ಆ ಒಂದು ಪೆಟ್ಟಿಗೆಗೆ ಆಪ್ಟಿಕಲ್ ಹಾಕಿ. ಪ್ಲಾಸ್ಟಿಕ್ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಮೂರು ಪಿನ್ನಿನ ಪ್ಲಗ್‌ನಿಂದ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಮಾತ್ರ ಕೇಳಬೇಡಿ: ಒಳಗೆ ವೈರ್ ಸಡಿಲವಾದ ದಿನ ಕರೆಂಟು ರಿಸೀವರಿನ ಲೋಹದ ಮೈಗೆ ಬಂದು ನಿಲ್ಲುತ್ತದೆ.