ಉಗುರು ನೋಡುವ ಮುಂಚೆ ನೇಲ್ ಪಾಲಿಶ್ ತೆಗೆಯಿರಿ

ಉಗುರು ನೋಡಿ ಆರೋಗ್ಯದ ಸುಳಿವು ಹಿಡಿಯಬಹುದು, ಅದಕ್ಕೆ ಉಗುರಿನ ನಿಜ ಬಣ್ಣ ಕಾಣಬೇಕು. ಮದರಂಗಿ ಹಚ್ಚಿದ್ದರೆ ಮಾತ್ರ ಅದು ಬೆಳೆದು ಹೋಗುವ ತನಕ ಕಾಯಬೇಕು. ಕಿಟಕಿ ಪಕ್ಕ ಹಗಲು ಬೆಳಕಲ್ಲಿ ಕೂತು ಹತ್ತೂ ಬೆರಳು ನೋಡಿ. ಒಂದೇ ಉಗುರು ಕೆಟ್ಟಿದ್ದರೆ ಹೆಚ್ಚಾಗಿ ಪೆಟ್ಟೋ ಫಂಗಸ್ಸೋ ಇರುತ್ತದೆ. ಹಲವು ಉಗುರುಗಳಲ್ಲಿ ಒಂದೇ ಥರದ ಬದಲಾವಣೆ ಇದ್ದರೆ ಮೈಯೊಳಗೆ ಕಾರಣ ಇರಬಹುದು.

ಬಿಳಿ ಚುಕ್ಕೆಗೆ ಹೆದರಬೇಡಿ. ಚಿಕ್ಕವರಿದ್ದಾಗ ಬೆಳ್ಳಕ್ಕಿ ಸಾಲು ಹಾರಿ ಹೋದರೆ ಉಗುರು ಉಜ್ಜಿಕೊಂಡು ಅದನ್ನೇ ಬೇಡುತ್ತಿದ್ದೆವು, ಈಗ ಅದೇ ಚುಕ್ಕೆ ನೋಡಿ ಸುಮ್ನೆ ಕ್ಯಾಲ್ಸಿಯಂ ಮಾತ್ರೆ ನುಂಗ್ತೀವಿ! ಸಾಮಾನ್ಯವಾಗಿ ಅದು ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು ಅಷ್ಟೇ. ಉದ್ದುದ್ದ ಗೆರೆಗಳು ವಯಸ್ಸಾದಂತೆ ಬರುತ್ತವೆ, ಬಿಡಿ.

ಅಡ್ಡ ಗೆರೆಯ ಕಥೆ ಬೇರೆ. ಡೆಂಗಿಯಿಂದ ಎದ್ದು ಎರಡು ತಿಂಗಳಾದ ಮೇಲೆ ನನ್ನ ಎರಡೂ ಹೆಬ್ಬೆರಳಲ್ಲಿ ಒಂದೊಂದು ತಗ್ಗು ಕಂಡಿತು, ಮೇಲೆ ಬೆರಳಾಡಿಸಿದರೆ ಕೈಗೆ ಸಿಗುವಷ್ಟು. ಜೋರು ಜ್ವರದಲ್ಲಿ ಉಗುರು ಬೆಳೆಯೋದು ಕೊಂಚ ನಿಂತು ಮತ್ತೆ ಶುರುವಾಗುತ್ತದೆ, ಆ ತಗ್ಗು ಅದರದ್ದು. ಫ್ರಾನ್ಸಿನ ಡಾಕ್ಟರ್ ಬೋ 1846ರಲ್ಲೇ ಇದನ್ನು ಬರೆದಿಟ್ಟಿದ್ದರು. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಹಾಗಾಗಿ ಬುಡದಿಂದ ತಗ್ಗಿನ ತನಕ ಸ್ಕೇಲ್ ಇಟ್ಟು ಅಳೆದರೆ ಕಾಯಿಲೆ ಯಾವಾಗ ಬಂದಿತ್ತು ಅಂತ ಅಂದಾಜು ಸಿಗುತ್ತದೆ.

ಉಗುರು ಚಮಚದ ಹಾಗೆ ಗುಳಿ ಬಿದ್ದು ಅದರ ಮೇಲೆ ನೀರಿನ ಹನಿ ನಿಂತರೆ ಕಬ್ಬಿಣದ ಅಂಶ ಕಮ್ಮಿಯಿರಬಹುದು. ಮಾತ್ರೆಗೆ ಮುಂಚೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು) ಪರೀಕ್ಷೆ ಮಾಡಿಸಿ.

ಈಗ ಎರಡೂ ಕೈಯ ಉಂಗುರ ಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಿರಿ. ಬುಡದ ಹತ್ತಿರ ವಜ್ರದ ಆಕಾರದ ಸಣ್ಣ ಕಿಂಡಿ ಕಾಣಬೇಕು. ಅದು ಮುಚ್ಚಿಹೋಗಿ ಬೆರಳ ತುದಿ ಊದಿದ್ದರೆ ಶ್ವಾಸಕೋಶ, ಹೃದಯ ತಪಾಸಣೆ ಬೇಕು. ದಕ್ಷಿಣ ಆಫ್ರಿಕಾದ ಹೃದಯ ವೈದ್ಯ ಶಾಮ್ರೋತ್ ತಮ್ಮದೇ ಬೆರಳಲ್ಲಿ ಇದನ್ನು ಗಮನಿಸಿದ್ದರು, ಅವರಿಗೇ ಆಗ ಹೃದಯದ ಸೋಂಕಾಗಿತ್ತು.

ಹಳದಿ ಕಂಡರೆ ಮೊದಲು ಅಡುಗೆಯ ಅರಿಶಿನವನ್ನು ಅನುಮಾನಿಸಿ.

ಕಪ್ಪು ಉದ್ದ ಗೆರೆ ನಮ್ಮಂಥ ಕಂದು ಮೈಬಣ್ಣದವರ ಹಲವು ಬೆರಳಲ್ಲಿ ಇರೋದು ಮಾಮೂಲು. ಆದರೆ ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲವಾಗ್ತಿದ್ದರೆ, ಅಥವಾ ಬುಡದ ಚರ್ಮಕ್ಕೂ ಕಪ್ಪು ಹರಡಿದರೆ, ಅದು ಕ್ಯಾನ್ಸರ್ ಇರಬಹುದು, ಮನೆಮದ್ದು ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಉಗುರು, ತುಟಿ ಎರಡೂ ನೀಲಿಯಾಗಿ ಉಸಿರು ಕಟ್ಟುತ್ತಿದ್ದರೆ ನೋಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.