ಎದ್ದು ನಿಂತು ಹಾಡಿ: ವಯಸ್ಸಾದ ಮೇಲೆ ಉಸಿರನ್ನೂ ಮೈಯ ಆಯವನ್ನೂ ಪಳಗಿಸುವುದು ಹೇಗೆ

ಮೇಲಿನ ಕಪಾಟಿನಿಂದ ಡಬ್ಬಿ ಇಳಿಸುವಾಗ ನಮ್ಮಮ್ಮ ಉಸಿರು ಬಿಗಿ ಹಿಡಿಯುತ್ತಾರೆ. ಹಿಮ್ಮಡಿ ಎತ್ತಿ, ಕೈ ಚಾಚಿ, ಹಲ್ಲು ಕಚ್ಚಿ ನಿಲ್ಲುತ್ತಾರೆ. ಡಬ್ಬಿ ಕೈಗೆ ಬಂದ ಕೂಡಲೇ ಉಸ್ಸಪ್ಪಾ ಅಂತ ಒಂದೇ ಸಲಕ್ಕೆ ಉಸಿರು ಬಿಡುತ್ತಾರೆ, ಅದೇ ಗಳಿಗೆಯಲ್ಲಿ ಮೈ ಒಂದು ಕಡೆ ವಾಲುತ್ತದೆ. ಎರಡು ಸಲ ನಾನೇ ಓಡಿಹೋಗಿ ಹಿಡಿದುಕೊಂಡಿದ್ದೇನೆ. ತೊಂದರೆ ಕಾಲಿನದ್ದು ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಅವರ ಜೊತೆ ದಿನಾ ಹತ್ತು ನಿಮಿಷ ಹಾಡಲು ಕೂತ ಮೇಲೆಯೇ ಉಸಿರಿನ ಕಡೆ ಗಮನ ಹೋಗಿದ್ದು.

ಎದೆಗೂ ಹೊಟ್ಟೆಗೂ ನಡುವೆ, ಬಿಚ್ಚಿದ ಛತ್ರಿಯ ಹಾಗೆ ಒಂದು ತೆಳು ಸ್ನಾಯು ಇದೆ. ಶಾಲೆಯಲ್ಲಿ ವಪೆ ಅಂತ ಓದಿರುತ್ತೀರಿ. ಅದು ಕೆಳಗಿಳಿದರೆ ಗಾಳಿ ಒಳಗೆ ಬರುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಿಂತವರಿಗೆ ಥಟ್ಟನೆ ಕೈ ಎತ್ತಲು ಹೇಳಿದರು. ತೋಳಿನ ಸ್ನಾಯು ಕೆಲಸ ಶುರು ಮಾಡುವ ಮೊದಲೇ ವಪೆ ಬಿಗಿಯಾಗಿತ್ತು. ಅಂದರೆ ಕೈ ಎತ್ತಿದಾಗ ಮೈ ತೂಗಾಡದಿರಲಿ ಅಂತ ನಡುವನ್ನು ಮೊದಲೇ ಭದ್ರ ಮಾಡಿಕೊಳ್ಳುವುದರಲ್ಲಿ ಉಸಿರಿನ ಸ್ನಾಯುವಿಗೂ ಪಾಲಿದೆ. 2013ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು, 11 ಜನರ ಮೇಲೆ ಮಾಡಿದ ಸಣ್ಣ ಪ್ರಯೋಗ ಅದು. ನಿಂತವರ ಮೈಯನ್ನು ಹಿಂದೆ ಮುಂದೆ ಅಲುಗಿಸಿ ನೋಡಿದರು. ಗಂಟಲು ಪೂರ್ತಿ ಬಿಟ್ಟು ನಿಟ್ಟುಸಿರು ಬಿಡುವಾಗ ಎದೆಭಾಗ ಜಾಸ್ತಿ ಅಲುಗಿತು, ಗಂಟಲಲ್ಲಿ ಗಾಳಿಯನ್ನು ಸ್ವಲ್ಪ ತಡೆದು ದನಿ ಹೊರಡಿಸುವಾಗ ಕಡಿಮೆ. ಅಮ್ಮನ ಉಸ್ಸಪ್ಪಾ ನೆನಪಾಯಿತು ನನಗೆ.

ವಯಸ್ಸಾದ ಹಾಗೆ ಇದೆಲ್ಲ ಕುಂದುತ್ತಾ ಬರುತ್ತದೆ. ಪಕ್ಕೆಲುಬಿನ ಗೂಡು ಬಿರುಸಾಗುತ್ತದೆ, ಉಸಿರಿನ ಸ್ನಾಯುಗಳ ಬಲ ಇಳಿಯುತ್ತದೆ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ 30 ದಾಟಿದ ಮೇಲೆ ವರ್ಷಕ್ಕೆ ಸುಮಾರು 25ರಿಂದ 30 ಎಂಎಲ್‌ನಷ್ಟು ಕಡಿಮೆ ಆಗುತ್ತಾ ಹೋಗುತ್ತದೆ. ಪೂರ್ತಿ ಉಸಿರು ಬಿಟ್ಟ ಮೇಲೂ ಒಳಗೇ ಉಳಿಯುವ ಹಳೇ ಗಾಳಿ ಹೆಚ್ಚುತ್ತದೆ. ಹಾಡು ಶ್ವಾಸಕೋಶವನ್ನು ದೊಡ್ಡದು ಮಾಡುವುದಿಲ್ಲ, ಹೋದ ವಯಸ್ಸನ್ನು ವಾಪಸ್ ತರುವುದೂ ಇಲ್ಲ. ಇರುವ ಉಸಿರನ್ನು ಅಳೆದು ಸುರಿದು ಖರ್ಚು ಮಾಡುವುದನ್ನು ಕಲಿಸುತ್ತದೆ. ಅಷ್ಟು ಸಿಕ್ಕರೆ ಬಹಳ ಆಯಿತು.

ಮೊದಲು ಒಂದು ಲೆಕ್ಕ ಬರೆದಿಡಿ

ಗಡಿಯಾರ ಮುಂದಿಟ್ಟುಕೊಂಡು ಕುರ್ಚಿಯಲ್ಲಿ ಕೂತುಕೊಳ್ಳಿ. ಆರಾಮವಾಗಿ ಉಸಿರು ಎಳೆದು, ಮಾತಾಡುವಷ್ಟೇ ದನಿಯಲ್ಲಿ 'ಆ' ಅಂತ ಹಿಡಿಯಿರಿ. ಎಷ್ಟು ಸೆಕೆಂಡು ಬಂತು? ಮೂರು ಸಲ ಮಾಡಿ, ಜಾಸ್ತಿ ಬಂದದ್ದನ್ನು ಬರೆದುಕೊಳ್ಳಿ. ಆರೋಗ್ಯವಾಗಿರುವ ವಯಸ್ಕರಲ್ಲಿ ಸಾಮಾನ್ಯವಾಗಿ 15ರಿಂದ 25 ಸೆಕೆಂಡು ಬರುತ್ತದೆ, ವಯಸ್ಸಾದವರಲ್ಲಿ ಇನ್ನೂ ಕಡಿಮೆ ಬರಬಹುದು. ಪಕ್ಕದ ಮನೆಯವರದ್ದಕ್ಕೆ ಹೋಲಿಸಬೇಡಿ, ಆರು ವಾರ ಕಳೆದ ಮೇಲೆ ನಿಮ್ಮದಕ್ಕೇ ಹೋಲಿಸಿ. ಕೊನೆಯಲ್ಲಿ ದನಿ ಹೇಗೆ ನಿಂತಿತು ಅನ್ನುವುದನ್ನೂ ಬರೆಯಿರಿ. ನಡುಗಿತಾ, ಥಟ್ಟನೆ ಕಡಿದುಹೋಯಿತಾ, ಗಾಳಿ ಮಾತ್ರ ಬಂತಾ? ನನಗೆ ಸೆಕೆಂಡಿಗಿಂತ ಇದೇ ಮುಖ್ಯ ಅನಿಸುತ್ತದೆ.

ಕೂತು ಶುರು ಮಾಡಿ

ಕೈ ಇಲ್ಲದ, ಅಲುಗಾಡದ ಕುರ್ಚಿ ತಗೊಳ್ಳಿ. ಅದರ ಮುಂಭಾಗಕ್ಕೆ ಸರಿದು ಕೂರಿ, ಬೆನ್ನು ಒರಗಬಾರದು, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿರಲಿ. ಎರಡೂ ಅಂಗೈಯನ್ನು ಪಕ್ಕೆಲುಬಿನ ಕೊನೆಯ ಸಾಲಿನ ಮೇಲಿಡಿ.

ಎಲ್ಲರೂ ಇಲ್ಲೊಂದು ತಪ್ಪು ಮಾಡುತ್ತಾರೆ. ಹಾಡಬೇಕು ಅಂದ ಕೂಡಲೇ ಭುಜ ಮೇಲೆತ್ತಿ, ಎದೆ ಉಬ್ಬಿಸಿ, ಆಗುವಷ್ಟೂ ಗಾಳಿ ಎಳೆದು ತುಂಬಿಕೊಳ್ಳುತ್ತಾರೆ. ಒಳಗೆ ಹಳೇ ಗಾಳಿ ಆಗಲೇ ಕೂತಿರುತ್ತದಲ್ಲ, ಅದರ ಮೇಲೆ ಇನ್ನಷ್ಟು ತುಂಬಿದರೆ ಕತ್ತು ಬಿಗಿಯುತ್ತದೆ, ಎರಡು ಸಾಲು ಹಾಡುವುದರೊಳಗೆ ಏದುಸಿರು ಬರುತ್ತದೆ. ಹಾಗಾಗಿ ಬಿಡುವುದರಿಂದ ಶುರು ಮಾಡಿ. 'ಸ್ಸ್ಸ್' ಅಂತ ಸಣ್ಣಗೆ, ಒಂದೇ ಸಮನೆ ಗಾಳಿ ಬಿಡಿ. ಪಕ್ಕೆಲುಬು ಕೈ ಕೆಳಗೆ ನಿಧಾನಕ್ಕೆ ಒಳಗೆ ಹೋಗುವುದು ಗೊತ್ತಾಗುತ್ತದೆ. ಕೊನೆಗೆ ಕೆಳಹೊಟ್ಟೆ ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ, ಹೊಟ್ಟೆ ಸಡಿಲ ಬಿಡಿ. ನೀವು ಎಳೆಯುವುದೇ ಬೇಡ, ಗಾಳಿ ತಾನಾಗಿ ಒಳಗೆ ಬರುತ್ತದೆ, ಪಕ್ಕೆಲುಬು ಎರಡೂ ಕಡೆ ಕೈಯನ್ನು ಹೊರಕ್ಕೆ ದೂಡುತ್ತದೆ. ಈ ದೂಡುವುದು ಕೈಗೆ ಸಿಗುವ ತನಕ ಮುಂದೆ ಹೋಗಬೇಡಿ. ಅಮ್ಮನಿಗೆ ಇದು ಸಿಗಲು ನಾಲ್ಕು ದಿನ ಬೇಕಾಯಿತು.

ಆಮೇಲೆ ಬಾಯಿ ಮುಚ್ಚಿ 'ಮ್ಮ್ಮ್' ಅಂತ ಗುನುಗಿ. ತುಟಿ, ಮೂಗಿನ ಸುತ್ತ ಕಚಗುಳಿ ಇಟ್ಟ ಹಾಗೆ ಆದರೆ ಸರಿ ಇದೆ. ಗಂಟಲು ಉಜ್ಜಿದ ಹಾಗೆ ಆದರೆ ಒತ್ತಡ ಜಾಸ್ತಿ ಆಯಿತು ಅಂತ ಅರ್ಥ, ಕಡಿಮೆ ಮಾಡಿ. ಐದಾರು ಸಲ ಸಾಕು.

ಈಗ ಹಾಡು. ನಿಮಗೆ ಬಾಯಿಪಾಠ ಇರುವುದೇ ಆಗಲಿ, ಪುಸ್ತಕ ನೋಡಲು ತಲೆ ಬಗ್ಗಿಸಿದರೆ ಎದೆ ಕುಗ್ಗುತ್ತದೆ. ಮೊದಲು ಒಂದು ಸಾಲನ್ನು ಸುಮ್ನೆ ಓದಿ, ಉಸಿರು ಎಲ್ಲಿ ತಗೊಳ್ಳುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ. ಪದದ ಮಧ್ಯೆ ಬೇಡ. ಹರೆಯದಲ್ಲಿ ಹಾಡುತ್ತಿದ್ದ ಎತ್ತರಕ್ಕೆ ಈಗ ಹೋಗಬೇಕಿಲ್ಲ, ಎರಡು ಮೆಟ್ಟಿಲು ಕೆಳಗಿಳಿಸಿಕೊಂಡು ಹಾಡಿ. ವಯಸ್ಸಾದ ಮೇಲೆ ಧ್ವನಿತಂತುಗಳು ತೆಳುವಾಗಿ, ಹಾಡುವಾಗ ಒಂದಕ್ಕೊಂದು ಪೂರ್ತಿ ಕೂಡುವುದಿಲ್ಲ, ನಡುವೆ ಗಾಳಿ ಸೋರುತ್ತದೆ. ಕೂಗಿ ಅದನ್ನು ಮುಚ್ಚಲು ಆಗುವುದಿಲ್ಲ. ಒಂದು ಸಾಲು, ಒಂದು ಉಸಿರು. ಸಾಲು ಮುಗಿದಾಗ ಒಳಗೆ ಇನ್ನೂ ಚೂರು ಗಾಳಿ ಉಳಿದಿರಬೇಕು. ವಾರದ ಮೇಲೆ ಎರಡು ಸಾಲು ಪ್ರಯತ್ನಿಸಿ.

ಈಗ ಎದ್ದು ನಿಲ್ಲಿ

ಕೂತು ಹಾಡಿದರೆ ಉಸಿರಿಗೆ ಒಳ್ಳೆಯದು, ಆದರೆ ಕಾಲಿಗೆ ಕೆಲಸವೇ ಇಲ್ಲ. ನಾನು ನಿಲ್ಲಲು ಇಷ್ಟು ಒತ್ತಾಯ ಮಾಡುವುದು ಅದಕ್ಕೇ. ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ ಸುಮಾರು 6,84,000 ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅವರಲ್ಲಿ 60 ದಾಟಿದವರೇ ಹೆಚ್ಚು.

ಗೋಡೆಗೆ ಒತ್ತಿಟ್ಟ ಕುರ್ಚಿಯ ಬೆನ್ನೋ, ಅಡುಗೆ ಕಟ್ಟೆಯೋ ಮುಂದೆ ಇರಲಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು. ಬರಿಗಾಲು ಇಲ್ಲವೇ ಜಾರದ ಚಪ್ಪಲಿ, ಕಾಲುಚೀಲ ಮಾತ್ರ ಬೇಡ. ಪಾದಗಳ ನಡುವೆ ಭುಜದಷ್ಟು ಅಂತರ. ಮಂಡಿಯನ್ನು ಹಿಂದಕ್ಕೆ ಬಿಗಿದು ನಿಲ್ಲಬೇಡಿ, ಸಣ್ಣಗೆ ಸಡಿಲ ಇರಲಿ. ಕಣ್ಣು ತೆರೆದೇ ಇರಲಿ.

ಮೊದಲ ವಾರ ಎರಡೂ ಕೈಯಲ್ಲಿ ಹಿಡಿದು ಹಾಡಿ. ಎರಡನೇ ವಾರ ಹಾಡುತ್ತಲೇ ಭಾರವನ್ನು ಬಲಗಾಲಿಗೆ, ಆಮೇಲೆ ಎಡಗಾಲಿಗೆ ಸರಿಸಿ, ಒಂದು ಸಾಲಿಗೆ ಒಂದು ಕಾಲು. ಕಾಲು ಬದಲಿಸುವಾಗ ದನಿ ಅಲುಗಿತಾ ಅಂತ ಕಿವಿಗೊಡಿ. ಅಲುಗಿದರೆ ಅಲ್ಲಿ ಉಸಿರು ಬಿಗಿ ಹಿಡಿದಿದ್ದೀರಿ. ಹಾಡಿನ ದೊಡ್ಡ ಉಪಕಾರ ನನಗೆ ಕಂಡದ್ದು ಇಲ್ಲೇ: ಸುಮ್ನೆ ನಿಂತಾಗ ಉಸಿರು ಕಟ್ಟಿದ್ದು ನಮಗೇ ಗೊತ್ತಾಗುವುದಿಲ್ಲ, ಹಾಡುವಾಗ ದನಿ ನಿಂತು ಹೇಳಿಬಿಡುತ್ತದೆ.

ಅದು ಹದಕ್ಕೆ ಬಂದ ಮೇಲೆ ಒಂದು ಕೈ ಬಿಡಿ. ಆಮೇಲೆ ಪಾದ ಜೋಡಿಸಿ ನಿಂತು ಹಾಡಿ. ಆಮೇಲೆ ಉದ್ದ ಸ್ವರ ಬಂದಾಗ ಹಿಮ್ಮಡಿ ಎತ್ತಿ, ಸ್ವರ ಮುಗಿಯುವಾಗ ಇಳಿಸಿ. ಮೀನಖಂಡ ನೋಯುವುದು ಸಹಜ. ಎಲ್ಲಾ ಸೇರಿ ಹತ್ತು ನಿಮಿಷ, ವಾರಕ್ಕೆ ಐದು ದಿನ ಸಾಕು. ಇದು ಚಿಕ್ಕ ಶ್ರಮ ಅಂತ ತಿಳಿಯಬೇಡಿ, 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶ್ವಾಸಕೋಶಕ್ಕೆಂದೇ ರೂಪಿಸಿದ ಹಾಡಿನ ತರಗತಿಯ ಶ್ರಮ ಗಂಟೆಗೆ 4 ಕಿ.ಮೀ. ವೇಗದ ನಡಿಗೆಗೆ ಹತ್ತಿರ ಇತ್ತು. ಆದರೆ ಕಾಲಿನ ವ್ಯಾಯಾಮ, ದಿನದ ನಡಿಗೆ ಬಿಟ್ಟು ಇದೊಂದನ್ನೇ ನಂಬಿ ಕೂರಬೇಡಿ.

ನಡೆಯುತ್ತಾ ಹಾಡುವುದು ಕೊನೆಗೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವಯಸ್ಸಾದವರ ಜೊತೆ ಹೆಜ್ಜೆ ಹಾಕುತ್ತಾ ಮಾತಿಗೆಳೆದರು. ಉತ್ತರ ಕೊಡಲು ನಡಿಗೆ ನಿಲ್ಲಿಸಿದವರೇ ಮುಂದಿನ ತಿಂಗಳುಗಳಲ್ಲಿ ಜಾಸ್ತಿ ಬಿದ್ದರು. ಎರಡು ಕೆಲಸ ಒಟ್ಟಿಗೆ ಮಾಡುವಾಗ ಗಮನ ಹಂಚಿಹೋಗುತ್ತದೆ. ನಿಮ್ಮ ಮನೆಯವರೂ ಹಾಡಲು ಹೋಗಿ ಹೆಜ್ಜೆ ನಿಲ್ಲಿಸಿದರೆ ಇನ್ನೂ ನಿಂತೇ ಹಾಡಲಿ, ಅವಸರ ಬೇಡ.

ಹುಷಾರಾಗಿರಬೇಕಾದವರು

ಈಚೆಗೆ ಕಣ್ಣು, ಹೊಟ್ಟೆ, ಎದೆಯ ಆಪರೇಷನ್ ಆದವರು, ಹರ್ನಿಯಾ ಇರುವವರು, ಎದ್ದ ಕೂಡಲೇ ಕಣ್ಣು ಕತ್ತಲೆ ಬರುವವರು ಮೊದಲು ಡಾಕ್ಟರನ್ನು ಕೇಳಿ. ಈ ವರ್ಷ ಒಂದು ಸಲ ಬಿದ್ದಿದ್ದರೂ ಕೇಳಿ, ಬಿದ್ದದ್ದನ್ನು ಮುಚ್ಚಿಡುವುದು ವಯಸ್ಸಾದವರ ಸ್ವಭಾವ. ಹಾಡುವಾಗ ತುಟಿ, ಬೆರಳ ತುದಿ ಜುಮ್ಮೆಂದರೆ ಗಾಳಿ ಜಾಸ್ತಿ ಆಡುತ್ತಿದೆ, ಕೂತು ಸುಧಾರಿಸಿಕೊಳ್ಳಿ. ಎದೆನೋವು ಬಂದರೆ ನಿಲ್ಲಿಸಿ, ತಡಮಾಡದೆ ತೋರಿಸಿ. ನೆಗಡಿ, ಕೆಮ್ಮು ಇದ್ದಾಗ ಗುಂಪಿನಲ್ಲಿ ಹಾಡಬೇಡಿ.

ಕಲಿತದ್ದನ್ನು ದಿನದ ಕೆಲಸಕ್ಕೆ ತನ್ನಿ. ಕುರ್ಚಿಯಿಂದ ಏಳುವಾಗ 'ಮ್ಮ್' ಅಂತ ಗುನುಗುತ್ತಾ ಏಳಿ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಹೀಗೇ ಮಾಡಿ. ಡಬ್ಬಿಗೆ ಕೈ ಚಾಚುವ ಮೊದಲು ದನಿ ಶುರುವಾಗಿರಲಿ, ಡಬ್ಬಿ ಕಟ್ಟೆ ಮೇಲೆ ಕೂರುವ ತನಕ ನಿಲ್ಲದಿರಲಿ. ಈಗ ಅಡುಗೆಮನೆಯಿಂದ ಅಮ್ಮನ ಗುನುಗು ಕೇಳಿಸುತ್ತದೆ. ಅದು ಮಧ್ಯದಲ್ಲಿ ನಿಂತರೆ ನಾನು ಎದ್ದು ಹೋಗಿ ನೋಡುತ್ತೇನೆ.